184ನೇ ಮಣಿ

ಸಂಬಂಧದಲ್ಲಿ ಮಾವನಾಗಬೇಕಾದವರೊಬ್ಬರು ಮಾತ್ರೆ ತೆಗೆದುಕೊಂಡು ಹೋಗಲು ಹಳ್ಳಿಯಿಂದ ಮೈಸೂರಿಗೆ ಬರುತ್ತಾರೆ. ಊರಲ್ಲಿ ಯಾರಾದರೂ ಕೇಳಿದರೆ ‘ಶುಗರ್ ಮಾತ್ರೆ’ ಎನ್ನುತ್ತಾರೆ. ಅದು ಎಚ್‌ಐವಿಯ ಮಾತ್ರೆ ಎಂದು ಕಳೆದ ವರ್ಷ ಸಬರ್ಬನ್ ಬಸ್ ನಿಲ್ದಾಣದಲ್ಲಿ ಅವರೇ ಹೇಳಿದರು. ಮನೆಯಲ್ಲಿ ಮದುವೆಯಿತ್ತಂತೆ. ನೆಂಟರ ಕಣ್ಣು ತಪ್ಪಿಸಲಾಗದೆ ಮಾತ್ರೆಯನ್ನೇ ನುಂಗಿರಲಿಲ್ಲ. ‘ಐದಾರು ದಿನ ಬಿಟ್ರೆ ಏನಾದದು ಮಗ? ಮೈ ಚೆನ್ನಾಗೇ ಅದಲ್ಲ’ ಎಂದರು. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರಿನ ಹೆಸರು ಬೇಡ ಎಂದರು.)

ನಾನು ಬಯೋಟೆಕ್ನಾಲಜಿ ಬಿ.ಇ. ವಿದ್ಯಾರ್ಥಿ. ‘ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್’ ಎರಡು ಅಂಕದ ಪ್ರಶ್ನೆ ಎಂದು ಗೊತ್ತಿತ್ತು, ಅಷ್ಟೆ. ಅವರಿಗೆ ಉತ್ತರ ಕೊಡಲು ರೂಮಿಗೆ ಬಂದು ಓದಬೇಕಾಯಿತು.

ಎಚ್‌ಐವಿಯ ವಂಶವಾಹಿ ಇರುವುದು ಆರ್‌ಎನ್‌ಎ ರೂಪದಲ್ಲಿ, ಸುಮಾರು 9,700 ಅಕ್ಷರ. ಅದನ್ನು ಡಿಎನ್‌ಎ ಆಗಿ ನಕಲು ಮಾಡುವುದೇ ಈ ಕಿಣ್ವ. ಇದರ ದೊಡ್ಡ ಭಾಗ 560 ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ಬರೆದದ್ದನ್ನು ತಿದ್ದಿ ನೋಡುವ ಅಭ್ಯಾಸ ಇದಕ್ಕಿಲ್ಲ, ನಮ್ಮ ಲ್ಯಾಬ್ ರೆಕಾರ್ಡ್‌ಗಳ ಹಾಗೆ! ಲ್ಯಾಮಿವುಡಿನ್ ಎಂಬ ಔಷಧ ಡಿಎನ್‌ಎಯ ಒಂದು ಅಕ್ಷರದಂತೆ ವೇಷ ಹಾಕಿ ಬರುತ್ತದೆ. ಕಿಣ್ವ ಅದನ್ನು ನಂಬಿ ಜೋಡಿಸಿತೋ, ನಕಲು ಅಲ್ಲಿಗೇ ನಿಂತಿತು.

ಅಕ್ಷರ ಕೂರುವ ಜಾಗದ ಪಕ್ಕದಲ್ಲೇ 184ನೇ ಮಣಿಯಿದೆ, ಹೆಸರು ಮೆಥಿಯೋನಿನ್. ಅದರ ಸಂಕೇತದಲ್ಲಿ ಒಂದು ‘ಎ’ ಹೋಗಿ ‘ಜಿ’ ಬಂದರೆ ಆ ಜಾಗಕ್ಕೆ ವ್ಯಾಲಿನ್ ಬರುತ್ತದೆ. ವ್ಯಾಲಿನ್‌ನ ಕವಲು ಔಷಧಕ್ಕೆ ಅಡ್ಡ ನಿಲ್ಲುತ್ತದೆ, ನಿಜವಾದ ಅಕ್ಷರಕ್ಕೆ ಮಾತ್ರ ದಾರಿ ಬಿಡುತ್ತದೆ. ಬೆಲೆಯೂ ಉಂಟು: ಹೀಗೆ ಬದಲಾದ ಕಿಣ್ವದ ಕೆಲಸ ನಿಧಾನ. ಔಷಧವೇ ಇಲ್ಲದ ಕಡೆ ಇಂಥ ವೈರಸ್ ಹಳೆಯದರ ಮುಂದೆ ಸೋಲುತ್ತದೆ. ಅರೆಬರೆ ಔಷಧವಿದ್ದಾಗ ಗೆಲ್ಲುವುದು ಇದೇ. ಮಾತ್ರೆ ತಪ್ಪನ್ನು ಹುಟ್ಟಿಸುವುದಿಲ್ಲ. ಬಿಟ್ಟು ಬಿಟ್ಟು ನುಂಗಿದರೆ, ತಾನಾಗಿ ಹುಟ್ಟಿದ ತಪ್ಪಿಗೆ ಅವಕಾಶ ಸಿಗುತ್ತದೆ. ಪೂರ್ತಿ ಔಷಧವಿದ್ದರೆ ನಕಲೇ ಇಲ್ಲ, ಇನ್ನು ತಪ್ಪೆಲ್ಲಿ?

ನಮ್ಮ ದೇಶದಲ್ಲಿ ಈ ಚಿಕಿತ್ಸೆ ಸರ್ಕಾರದಿಂದ ಉಚಿತವಾಗಿ ಸಿಗತೊಡಗಿದ್ದು 2004ರ ಏಪ್ರಿಲ್ 1ರಿಂದ. ಮಾವ ನುಂಗುವ ಒಂದೇ ಮಾತ್ರೆಯಲ್ಲಿ ಲ್ಯಾಮಿವುಡಿನ್ ಜೊತೆ ಟೆನೊಫೊವಿರ್, ಡೊಲುಟೆಗ್ರಾವಿರ್ ಇವೆ. ಕೊನೆಯದು ಇಂಟಿಗ್ರೇಸ್ ಎಂಬ ಬೇರೆಯೇ ಕಿಣ್ವವನ್ನು ತಡೆಯುತ್ತದೆ. ಮೂರನ್ನೂ ಒಟ್ಟಿಗೆ ತಪ್ಪಿಸಿಕೊಳ್ಳುವುದು ವೈರಸ್‌ಗೆ ಸುಲಭವಲ್ಲ.

ಇಷ್ಟನ್ನು ಅವರಿಗೆ ಹೇಳಿ, ಬಿಟ್ಟ ದಿನಗಳನ್ನು ಮುಚ್ಚಿಡದೆ ಕೌನ್ಸೆಲರ್‌ಗೆ ತಿಳಿಸಿ ಎಂದೆ. ತಿಳಿಸಿದರು. ಮುಂದಿನ ವೈರಲ್ ಲೋಡ್ ಪರೀಕ್ಷೆ ಚೆನ್ನಾಗೇ ಬಂತು. ಈಗ ಮದುವೆ ಮನೆಗೆ ಹೋಗುವಾಗ ಆ ರಾತ್ರಿಯ ಮಾತ್ರೆ ಅವರ ಎಲೆಅಡಿಕೆ ಸಂಚಿಯಲ್ಲಿರುತ್ತದಂತೆ. ಊಟವಾದ ಮೇಲೆ ಸಂಚಿ ಬಿಚ್ಚಿದರೆ ಯಾರೂ ಏನೂ ಕೇಳುವುದಿಲ್ಲ.