ಒಬ್ಬರ ಪಾಪಕ್ಕೆ ಇನ್ನೊಬ್ಬರ ಪ್ರಾಯಶ್ಚಿತ್ತ ನ್ಯಾಯವೇ?

ಗುರುನರಸಿಂಹ ದೇವಸ್ಥಾನ ಹಾಗೂ ಯಕ್ಷಗಾನ ಮೇಳದಿಂದ ಹೆಸರಾದ ಸಾಲಿಗ್ರಾಮದಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು. ಇಂತಹ ಊರುಗಳಲ್ಲಿ ಶುಭ ಶುಕ್ರವಾರದ ಹೊತ್ತಿಗೆ ನೆರೆಮನೆಯವರು ಸ್ನೇಹದಿಂದಲೇ ಕೇಳಬಹುದಾದ ಪ್ರಶ್ನೆಯೊಂದಿದೆ: "ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ? ನಿಮ್ಮ ಪಾಪಕ್ಕೆ ಯೇಸುಸ್ವಾಮಿ ಯಾಕೆ ಸಾಯಬೇಕಿತ್ತು? ನಿರಪರಾಧಿಗೆ ಶಿಕ್ಷೆ ಕೊಟ್ಟು ಅಪರಾಧಿಯನ್ನು ಬಿಡುವುದು ಯಾವ ನ್ಯಾಯ?"

ಈ ಪ್ರಶ್ನೆಗೆ ನಾವು ಬೇಸರಿಸಬೇಕಾಗಿಲ್ಲ. ತಂದೆಯ ದೋಷವನ್ನು ಮಗ ಹೊರುವುದಿಲ್ಲವೆಂದು ಪ್ರವಾದಿ ಯೆಜೆಕಿಯೇಲನ ಗ್ರಂಥವೇ (ಅಧ್ಯಾಯ 18) ಸಾರುತ್ತದೆ. ಗಾಂಧೀಜಿಯವರಿಗೂ ಇದೇ ತೊಡಕು ಎದುರಾಗಿತ್ತು. 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ಅವರಿಗೆ ಪ್ರಿಟೋರಿಯಾದಲ್ಲಿ ಪ್ಲಿಮತ್ ಬ್ರದರನ್ ಪಂಗಡದ ಒಬ್ಬರು, ಪಾಪದ ಹೊರೆಯನ್ನು ಯೇಸುವಿನ ಮೇಲೆ ಹಾಕಿದರೆ ಸಾಕೆಂದು ವಾದಿಸಿದರು. ತಮಗೆ ಬೇಕಾದುದು ಪಾಪದ ಫಲದಿಂದ ಬಿಡುಗಡೆಯಲ್ಲ, ಪಾಪದಿಂದಲೇ ಬಿಡುಗಡೆ ಎಂದು ಉತ್ತರಿಸಿದುದಾಗಿ ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಹಾಗಾದರೆ ಧರ್ಮಸಭೆಯ ಬೋಧನೆ ಏನು? ಕೋಪಗೊಂಡ ತಂದೆ ದೇವರು ಮಗನನ್ನು ದಂಡಿಸಿ ಸಮಾಧಾನಗೊಂಡರು ಎಂದಲ್ಲ. ಸಂತ ಆನ್ಸೆಲ್ಮರು 1098ರ ಸುಮಾರಿಗೆ ಮುಗಿಸಿದ ಗ್ರಂಥದಲ್ಲೇ ಶಿಕ್ಷೆ ಬೇರೆ, ಪರಿಹಾರ ಬೇರೆ ಎಂದು ವಿಂಗಡಿಸಿದರು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ ಪ್ರಕಾರ, ಕ್ರಿಸ್ತರು ನಮ್ಮ ಅವಿಧೇಯತೆಯ ಜಾಗದಲ್ಲಿ ತಮ್ಮ ವಿಧೇಯತೆಯನ್ನು ಇಟ್ಟರು (ಸಂಖ್ಯೆ 615). ಯಾರೂ ಅವರ ಪ್ರಾಣವನ್ನು ಕಸಿಯಲಿಲ್ಲ, ತಾವಾಗಿಯೇ ಕೊಟ್ಟರು.

ಒಂದು ಉದಾಹರಣೆ ನೋಡೋಣ. 1941ರಲ್ಲಿ ಆಶ್ವಿಟ್ಜ್ ಸೆರೆಶಿಬಿರದಲ್ಲಿ ಹತ್ತು ಮಂದಿಯನ್ನು ಉಪವಾಸ ಕೆಡವಿ ಕೊಲ್ಲಲು ಆರಿಸಿದಾಗ, ಹೆಂಡತಿ ಮಕ್ಕಳಿದ್ದ ಒಬ್ಬ ಕೈದಿಯ ಬದಲಿಗೆ ಫಾದರ್ ಮ್ಯಾಕ್ಸಿಮಿಲಿಯನ್ ಕೋಲ್ಬೆ ಮುಂದೆ ಬಂದರು. ಆ ಶಿಕ್ಷೆಯನ್ನು ಯಾರೂ ನ್ಯಾಯವೆನ್ನರು. ಆದರೆ ಆ ಪ್ರೀತಿಗೆ ತಲೆಬಾಗದವರಿಲ್ಲ. 1982ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಶಿಲುಬೆಯೂ ಹಾಗೆಯೇ: ಕೊಂದವರ ಅನ್ಯಾಯ ಅನ್ಯಾಯವೇ, ನಮ್ಮನ್ನು ಉಳಿಸಿದ್ದು ಕ್ರಿಸ್ತರ ಪ್ರೀತಿ.

ಆದರೆ ಗಾಂಧೀಜಿಯ ಮಾತು ಇಂದಿಗೂ ನಮ್ಮನ್ನು ಚುಚ್ಚಬೇಕು. ನೆರೆಯವನ ಗದ್ದೆಯ ಗಡಿಕಲ್ಲು ಸರಿಸಿದವನು ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸಿದರೆ ಮುಗಿಯಿತೇ? ಇಲ್ಲ. ಪಾಪ ಕ್ಷಮಿಸಲ್ಪಟ್ಟರೂ ಆದ ಹಾನಿಯನ್ನು ಸರಿಪಡಿಸಬೇಕು, ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಮಾಡಬೇಕು ಎನ್ನುತ್ತದೆ ಅದೇ ಗ್ರಂಥ (ಸಂಖ್ಯೆ 1459). ಯೇಸುವನ್ನು ಮನೆಗೆ ಬರಮಾಡಿಕೊಂಡ ಜಕ್ಕಾಯ, ಮೋಸದಿಂದ ಪಡೆದದ್ದನ್ನು ನಾಲ್ಕು ಪಟ್ಟು ಮರಳಿಸುತ್ತೇನೆಂದು ಮಾತು ಕೊಟ್ಟ.

ನೆರೆಯವರ ಪ್ರಶ್ನೆಗೆ ಬಾಯಿಮಾತಿನ ಉತ್ತರಕ್ಕಿಂತ, ಗಡಿಕಲ್ಲನ್ನು ಮರಳಿ ಅದರ ಜಾಗದಲ್ಲಿ ನೆಡುವುದೇ ನಮ್ಮ ಒಳ್ಳೆಯ ಉತ್ತರವಾದೀತು.