ಬೆಳ್ಳಿಯ ಕಣಕ್ಕೆ ಉಪ್ಪಿನ ಅಡ್ಡಿ

ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ಸೇರಿಸಿದ ಆಹಾರದ ಡಬ್ಬಿಗಳು ಈಗ ಮಾರಾಟಕ್ಕೆ ಬಂದಿವೆಯಷ್ಟೆ. ಕಣದ ಗಾತ್ರ 100 ನ್ಯಾನೊಮೀಟರಿಗೂ ಕಡಿಮೆ. ಮೀಟರಿನ ಶತಕೋಟಿಯಲ್ಲೊಂದು ಭಾಗವೇ ನ್ಯಾನೊಮೀಟರು. ಸಾಲ್ಮೊನೆಲ್ಲಾದಂಥ ರೋಗಾಣುಗಳನ್ನು ಕೊಲ್ಲುವುದು ಬಹುಮಟ್ಟಿಗೆ ಈ ಕಣದಿಂದ ಕರಗಿ ಬರುವ ವಿದ್ಯುದಂಶವುಳ್ಳ ಬೆಳ್ಳಿ, ಅಂದರೆ ಅಯಾನು.

ಈ ಪರಾಕ್ರಮ ಶುದ್ಧಜಲದಲ್ಲಿ ಸರಿ. ನಿಮ್ಮ ಮನೆಯ ಸಾರಿನಲ್ಲಿ ಕಥೆಯೇ ಬೇರೆ. ಉಪ್ಪಿನಲ್ಲಿರುವ ಕ್ಲೋರೈಡು ಆ ಅಯಾನನ್ನು ಹಿಡಿದು, ಸುಲಭವಾಗಿ ಕರಗದ ಬೆಳ್ಳಿಯ ಕ್ಲೋರೈಡಾಗಿ ಮಾರ್ಪಡಿಸುತ್ತದೆ. ಅದೇ ಉಪ್ಪುನೀರಿನಲ್ಲಿ ಕಣಗಳೂ ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತವೆ. ಗಂಟಾದ ಮೇಲೆ ಹೊರಮೈ ಕಡಿಮೆ, ಕರಗುವುದೂ ಕಡಿಮೆ. ಹಾಲಿನಲ್ಲಾದರೋ ಪ್ರೋಟೀನು ಕಣಕ್ಕೆ ಕಂಬಳಿಯಂತೆ ಸುತ್ತಿಕೊಳ್ಳುತ್ತದೆ. ತಂಪಿನಲ್ಲಿ ಕರಗುವಿಕೆ ನಿಧಾನ. ಆದ್ದರಿಂದ ‘ರೋಗಾಣುನಾಶಕ’ವೆಂದು ಬರೆದಿರುವ ಡಬ್ಬಿ ಕೊಳ್ಳುವಾಗ, ಪರೀಕ್ಷಿಸಿದ್ದು ಬರಿಯ ನೀರಿನಲ್ಲೋ ಆಹಾರದಲ್ಲೋ ಎಂದು ಕೇಳಿರಿ. ಹುಳಿಯೇನೋ ಬೆಳ್ಳಿಯನ್ನು ಹೆಚ್ಚು ಕರಗಿಸಿ ನೆರವಾಗುತ್ತದೆ. ಆದರೆ ಹುಳಿ ಹಾಕಿ ಉಪ್ಪು ಹಾಕದ ಅಡುಗೆ ನಮ್ಮಲ್ಲಿ ಯಾವುದಿದೆ?