ಘಟ್ಟ ಇಳಿದರೆ ಬಿಸಿ ಬಿಸಿ ಮೀನೂಟ

ನಮ್ಮ ಹೊಸನಗರಕ್ಕೆ ಕಡಲ ಮೀನು ಬರುವುದೇ ಘಟ್ಟ ಹತ್ತಿ, ಐಸಿನ ಪೆಟ್ಟಿಗೆಯಲ್ಲಿ. ಅದನ್ನು ತೊಳೆದು, ಮಸಾಲೆ ಹಚ್ಚಿ, ಒಲೆ ಮುಂದೆ ನಿಂತು ಹುರಿಯುವವರು ನಾವು. ಎಲ್ಲರಿಗೂ ಬಡಿಸಿ ನಾವು ಕೂರುವ ಹೊತ್ತಿಗೆ ಉಳಿದ ತುಂಡು ತಣ್ಣಗಾಗಿ ಮೆತ್ತಗಾಗಿರುತ್ತದೆ. ನಿಮ್ಮ ಮನೆಯಲ್ಲೂ ಹೀಗೇ ತಾನೆ? ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ಮೇಲೆ, ಕಾವಲಿಯಿಂದ ನೇರ ಎಲೆಗೆ ಬಿದ್ದ ಮೀನಿನ ರುಚಿ ನನಗೆ ತಿಳಿದದ್ದು ಕುಂದಾಪುರದಲ್ಲಿ.

ನಾವು ಮೂವರು ಗೆಳತಿಯರು ಬೆಳಗಿನ ಬಸ್ಸು ಹತ್ತಿದೆವು. ನಗರ, ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಇಳಿದರೆ ಹೊಸಂಗಡಿ, ಸಿದ್ದಾಪುರ. ಊಟದ ಹೊತ್ತಿಗೆ ಕುಂದಾಪುರ. ‘ಹೆಂಗಸರಷ್ಟೇ ಮೀನಿನ ಹೋಟೆಲಿಗೆ ಹೋಗೋದಾ?’ ಅಂತ ನಮಗೇ ಸಂಕೋಚ. ಒಳಗೆ ಹೋದರೆ ನಮ್ಮಂಥವರೇ ಎರಡು ಮೇಜು ತುಂಬಾ ಕೂತಿದ್ದರು! ಯಾರೂ ತಲೆ ಎತ್ತಿ ನೋಡಲಿಲ್ಲ.

ಪೇಟೆಯಲ್ಲಿ ‘ಮೀನೂಟ’ ಎಂಬ ಬೋರ್ಡು ಕಂಡಲ್ಲಿ ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಮೀನು ಸಾರು, ಒಂದು ಪಲ್ಯ ಸಿಗುತ್ತದೆ. ಹುರಿದ ಮೀನಿಗೆ ಬೇರೆ ದುಡ್ಡು. ಶೆಟ್ಟಿ ಲಂಚ್ ಹೋಮ್ ಕೋಳಿ ಘೀ ರೋಸ್ಟಿಗೆ ಹೆಸರುವಾಸಿ. ಬ್ಯಾಡಗಿ ಮೆಣಸು, ಹುಳಿ, ತುಪ್ಪದ ಆ ಮಸಾಲೆಯಲ್ಲಿ ಈಗ ಕರಾವಳಿಯ ಹೋಟೆಲುಗಳು ಸಿಗಡಿಯನ್ನೂ ಮಾಡುತ್ತವೆ. ಹೊತ್ತಿದ್ದರೆ ಉತ್ತರಕ್ಕೆ ಮರವಂತೆಯವರೆಗೆ ಹೋಗಿಬನ್ನಿ. ರಸ್ತೆಯ ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ಹೊಳೆ. ಊಟ ಅರಗಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ಕೆಲವು ಮಾತು ನೆನಪಿಡಿ. ಹನ್ನೆರಡೂವರೆಗೇ ಹೋಗಿ, ತಡವಾದರೆ ಒಳ್ಳೆಯ ಮೀನು ಮುಗಿದಿರುತ್ತದೆ. ‘ಇವತ್ತು ಯಾವುದು ಬಂದಿದೆ?’ ಅಂತ ಕೇಳಿ, ತೋರಿಸಿದರೆ ನೋಡಿಯೇ ಆರಿಸಿ: ಕಣ್ಣು ಹೊಳೆಯಬೇಕು, ಕಿವಿರು ಕೆಂಪಗಿರಬೇಕು. ಮಕ್ಕಳಿದ್ದರೆ ಅಂಜಲ್ ಅಥವಾ ಕಾಣೆ ಹೇಳಿ. ಕಾಣೆಯ ನಡುಮುಳ್ಳು ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಬೂತಾಯಿ ರುಚಿ ನಿಜ, ಮುಳ್ಳು ಜಾಸ್ತಿ. ರೇಟು ಮೊದಲೇ ಕೇಳಿ, ನಾಚಿಕೆ ಬೇಡ. ಮೀನಿನ ಬೆಲೆ ಗಾತ್ರದ ಮೇಲೆ, ದಿನದ ಮೇಲೆ ಏರಿಳಿಯುತ್ತದೆ. ನಾವು ಕೇಳದೆ ಪಾಂಫ್ರೆಟ್ ತರಿಸಿ, ಬಿಲ್ಲು ನೋಡಿ ಬಸ್ ಚಾರ್ಜಿಗೆ ಮೂವರ ಪರ್ಸೂ ಕೊಡವಬೇಕಾಯಿತು!

ಇನ್ನು ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅದು ಮೀನು ಮರಿಮಾಡುವ ಕಾಲ. ಆಗ ಹೋದರೆ ನಾಡದೋಣಿಯವರು ತಂದದ್ದು, ಹೊಳೆ ಮೀನು ಇದೆಯಾ ಅಂತ ವಿಚಾರಿಸಿ. ಇಲ್ಲವಾದರೆ ನಾವು ಮನೆಯಲ್ಲಿ ತಿನ್ನುವ ಅದೇ ಐಸಿನ ಮೀನು. ಜೋರು ಮಳೆಗೆ ಘಾಟಿಯಲ್ಲಿ ಮಣ್ಣು ಜರಿಯುವುದೂ ಉಂಟು. ಮಳೆ ಕಳೆದ ಮೇಲೆ ಹೋಗುವುದೇ ಜಾಣತನ.

ಅಂದು ಬಂಗುಡೆಯ ಗರಿಗರಿ ಅಂಚು ಮುರಿದು ಬಾಯಿಗಿಟ್ಟುಕೊಂಡು ನಾಲಿಗೆ ಸುಟ್ಟುಕೊಂಡೆ. ಅಷ್ಟು ಬಿಸಿ! ಬಡಿಸುವ ಹುಡುಗ ‘ಅಮ್ಮ, ಇನ್ನೊಂದು ಸ್ವಲ್ಪ ಸಾರು?’ ಅಂದಾಗ ಕಣ್ಣು ತುಂಬಿತು. ಗೆಳತಿಯರಿಗೆ ಖಾರ ಅಂದೆ.

ಮುಂದಿನ ಭಾನುವಾರ ಮನೆಯಲ್ಲಿ ಮೀನು ತಂದರು. ‘ಮಸಾಲೆ ಹಚ್ಚಿಟ್ಟಿದ್ದೇನೆ. ಇವತ್ತು ನಾನು ಮೊದಲು ಕೂರುತ್ತೇನೆ, ನೀವು ಹುರಿಯಿರಿ’ ಅಂದೆ. ಯಜಮಾನರು ತಬ್ಬಿಬ್ಬಾದರೂ ಸೌಟು ಹಿಡಿದರು. ಮೊದಲ ಎರಡು ತುಂಡು ಸೀದವು. ಆದರೆ ಬಿಸಿ ಇದ್ದವು! ಕುಂದಾಪುರಕ್ಕೆ ಹೋಗಲಾಗದಿದ್ದರೆ ನೀವು ಇದನ್ನಾದರೂ ಮಾಡಿ ನೋಡಿ.